ಸೌತೆ ರಾಶಿಬೀಳುವ ಕಾಲ: ಬೆಳೆದದ್ದನ್ನು ಉಣ್ಣುವ ವಿದ್ಯೆಗೂ ಪತ್ರಿಕೆಯಲ್ಲಿ ಜಾಗ ಕೊಡಿ

ಮಾನ್ಯ ಸಂಪಾದಕರೇ,

ತಮ್ಮ ಪತ್ರಿಕೆಯ ಕೃಷಿ ಪುಟದಲ್ಲಿ ಕೈತೋಟದ ಬಗ್ಗೆ ಬರುವ ಬರಹಗಳನ್ನು ತಪ್ಪದೆ ಓದುವವರಲ್ಲಿ ನಾನೂ ಒಬ್ಬಳು. ಬೀಜವನ್ನು ಎಷ್ಟು ಹೊತ್ತು ನೆನೆಸಬೇಕು, ಬುಡಕ್ಕೆ ಯಾವ ಗೊಬ್ಬರ ಕೊಡಬೇಕು, ಹಣ್ಣುನೊಣಕ್ಕೆ ಮೋಹಕ ಬಲೆಯನ್ನು ಎಲ್ಲಿ ಕಟ್ಟಬೇಕು, ತಾರಸಿಗೆ ಭಾರವಾಗದಂತೆ ಚಪ್ಪರ ಹಾಕುವುದು ಹೇಗೆ ಎಂಬುದನ್ನೆಲ್ಲ ಆ ಬರಹಗಳು ಚೆನ್ನಾಗಿ ಹೇಳಿಕೊಡುತ್ತವೆ. ಅವುಗಳನ್ನು ಓದಿಯೇ ಉಡುಪಿ, ಮಣಿಪಾಲ, ಮಂಗಳೂರಿನಂಥ ಕಡೆ ಮಣ್ಣು ಮುಟ್ಟದೆ ಬೆಳೆದವರೂ ಇಂದು ಒಂದೆರಡು ಬಳ್ಳಿ ಎಬ್ಬಿಸಿದ್ದಾರೆ. ಆದರೆ ಆ ಬರಹಗಳೆಲ್ಲ ಕಾಯಿ ಕೊಯ್ಯುವಲ್ಲಿಗೆ ನಿಂತುಬಿಡುತ್ತವೆ. ಬಳ್ಳಿ ಕೈಹಿಡಿದು, ಮನೆಮಂದಿ ತಿಂದು ಮುಗಿಸಲಾರದಷ್ಟು ಕಾಯಿ ಒಟ್ಟೊಟ್ಟಿಗೆ ಬಂದು ಅಡುಗೆಮನೆಯ ಮೂಲೆಯಲ್ಲಿ ರಾಶಿ ಬಿದ್ದಾಗ ಮುಂದೇನು ಎಂಬುದನ್ನು ಹೇಳುವವರು ಕಾಣುವುದಿಲ್ಲ. ಆ ಕುರಿತು ಕೆಲವು ಮಾತುಗಳನ್ನು ತಮ್ಮ ಮೂಲಕ ಓದುಗರ ಮುಂದಿಡಬೇಕೆಂದು ಈ ಪತ್ರ ಬರೆಯುತ್ತಿದ್ದೇನೆ. ಪತ್ರ ಉದ್ದವಾಗಿದೆ, ವಿಷಯವೇ ವಿಸ್ತಾರದ್ದಾದ್ದರಿಂದ ಮೊಟಕು ಮಾಡದೆ ಪ್ರಕಟಿಸಬೇಕೆಂದು ವಿನಂತಿ.

ಇದು ಸೌತೆಯ ಕಾಲ. ಏಣೇಲು, ಅಂದರೆ ಮಳೆಗಾಲದ ಭತ್ತದ ಕೊಯ್ಲು ಮುಗಿದ ಮೇಲೆ ನೀರಿನ ಅನುಕೂಲವಿರುವ ಗದ್ದೆಗಳಲ್ಲಿ ಸಾಲು ತೆಗೆದು ಹಾಕಿದ ಸಾಂಬಾರು ಸೌತೆ, ಊರಾಚೆಯವರು ಮಂಗಳೂರು ಸೌತೆ ಎಂದು ಗುರುತಿಸುವ ಆ ಹಸಿರು-ಹಳದಿ ಪಟ್ಟೆಯ ಕಾಯಿ, ಈಗ ದಿನಬಿಟ್ಟು ದಿನ ಬುಟ್ಟಿ ತುಂಬುತ್ತಿದೆ. ಗದ್ದೆಯಿಲ್ಲದವರ ಅಂಗಳದಲ್ಲೂ ಬಾವಿಕಟ್ಟೆಯ ನೀರು ಹರಿಯುವಲ್ಲಿ ಅದರ ಬಳ್ಳಿ ತಾನಾಗಿ ಹಬ್ಬಿರುತ್ತದೆ. ಇದರ ಜೊತೆಗೆ ಈಚಿನ ವರ್ಷಗಳಲ್ಲಿ ತಾರಸಿಯ ಕುಂಡಗಳಿಗೆ ಜುಕಿನಿಯೂ ಬಂದಿದೆ. ಮೂಲದಲ್ಲಿ ಅದು ಅಮೆರಿಕ ಖಂಡದ ಕುಂಬಳದ ಬಳಗಕ್ಕೆ ಸೇರಿದ್ದು, ಇಂದಿನ ರೂಪವನ್ನು ಇಟಲಿಯ ತೋಟಗಳಲ್ಲಿ ಪಡೆದದ್ದು. ನಮ್ಮ ಮಳೆಗೆ ತಡೆಯದೆ ಕೊಳೆತುಹೋಗುವ ಆ ಗಿಡ ಚಳಿಗಾಲದ ಒಣಹವೆಯಲ್ಲಿ ಪೊದೆಯಾಗಿ ನಿಂತು, ಹೂ ಅರಳಿದ ವಾರದೊಳಗೇ ಕಾಯಿಯನ್ನು ಕೈಗಿಡುತ್ತದೆ. ಕೊಯ್ದಷ್ಟೂ ಬಿಡುವುದು ಅದರ ಗುಣ. ಎರಡು ಗಿಡ ಇದ್ದರೆ ನಾಲ್ಕು ಜನರ ಮನೆಗೆ ಸಾಕಷ್ಟಾಯಿತು. ಉಮೇದಿನಲ್ಲಿ ಆರು ನೆಟ್ಟವರ ಪಾಡು ನಾನು ಹೇಳಬೇಕಾಗಿಲ್ಲ.

ಹೀಗೆ ಬಂದ ಕಾಯಿಯನ್ನು ನೆರೆಮನೆಗೆ ಕೊಡೋಣವೆಂದರೆ ಅವರ ಅಂಗಳದಲ್ಲೂ ಅದೇ ಬಳ್ಳಿ, ಅದೇ ಹೊತ್ತಿಗೆ ಅದೇ ಕಾಯಿ. ಪೇಟೆಗೆ ಒಯ್ದರೆ ಸೌತೆಯ ಕ್ರಯ ಇಳಿದಿರುತ್ತದೆ, ನಾಲ್ಕು ಕಾಯಿ ಹಿಡಿದು ಬಂದವರನ್ನು ವ್ಯಾಪಾರಿಗಳು ಮಾತನಾಡಿಸುವುದೂ ಇಲ್ಲ. ಕೊನೆಗೆ ಮನೆಯಲ್ಲಿ ಮೂರು ಹೊತ್ತೂ ಸೌತೆ ಹುಳಿಯೇ ಆಗಿ, ಮಕ್ಕಳು ಬಟ್ಟಲು ತಳ್ಳಿ, ಉಳಿದದ್ದು ಗೊಬ್ಬರದ ಗುಂಡಿಗೆ ಬೀಳುತ್ತದೆ. ನೀರು ಹೊಯ್ದು ಬೆಳೆಸಿದ್ದನ್ನು ಹೀಗೆ ಎಸೆಯುವುದು ನನ್ನಿಂದ ನೋಡಲಾಗದ ಸಂಗತಿ. ಇದನ್ನು ಬೆಳೆ ಹೆಚ್ಚಾದ ತೊಂದರೆ ಎಂದು ನಾನು ಒಪ್ಪುವುದಿಲ್ಲ. ಒಂದೇ ಕಾಯಿಯನ್ನು ಒಂದೇ ಪ್ರಾಯದಲ್ಲಿ ಕೊಯ್ದು, ಅದರ ಒಂದೇ ಭಾಗವನ್ನು ಒಂದೇ ಬಗೆಯಲ್ಲಿ ಬೇಯಿಸುತ್ತಿರುವುದೇ ತೊಂದರೆ. ನಮ್ಮ ಕರಾವಳಿಯ ಅಡುಗೆಮನೆಗಳು ಇದಕ್ಕೆ ಎಂದೋ ಉತ್ತರ ಕಂಡುಕೊಂಡಿವೆ. ಆ ಉತ್ತರ ಈಗಿನ ಮನೆಗಳಿಗೆ ದಾಟುತ್ತಿಲ್ಲ, ಅಷ್ಟೇ.

ಮೊದಲು ಕಾಯಿಯ ಪ್ರಾಯದ ಮಾತು. ಬೆರಳುದ್ದ ದಾಟಿ ಮೈಮೇಲಿನ ರೋಮ ಇನ್ನೂ ಮಾಸದ ಎಳೆ ಸೌತೆಗೆ ಬೀಜವೂ ಇಲ್ಲ, ತಿರುಳೂ ಇಲ್ಲ. ಅದನ್ನು ಇಡಿಯಾಗಿ ಹೆಚ್ಚಿ, ಸಾಸಿವೆ-ಉದ್ದಿನಬೇಳೆಯ ಒಗ್ಗರಣೆಯಲ್ಲಿ ಹಾಕಿ, ತಟ್ಟೆ ಮುಚ್ಚಿ ಅದರದೇ ನೀರಿನಲ್ಲಿ ಬೇಯಿಸಿದರೆ ಗಂಜಿಗೆ ಅದಕ್ಕಿಂತ ಒಳ್ಳೆಯ ಪಲ್ಯ ಬೇರೆ ಬೇಡ. ಇಲ್ಲಿ ಉಪ್ಪನ್ನು ಕೊನೆಗೆ ಹಾಕಬೇಕು. ಮೊದಲೇ ಹಾಕಿದರೆ ನೀರೆಲ್ಲ ಹೊರಬಂದು ಪಲ್ಯ ರಸವಾಗುತ್ತದೆ. ಈ ಕುಟುಂಬದ ಕಾಯಿಗಳಲ್ಲಿ ನೂರಕ್ಕೆ ತೊಂಬತ್ತೈದು ಪಾಲು ನೀರೇ ಇರುವುದರಿಂದ ಮೇಲಿನಿಂದ ನೀರು ಹೊಯ್ಯುವ ಅಗತ್ಯವೇ ಇರುವುದಿಲ್ಲ. ಸ್ವಲ್ಪ ಬಲಿತು ಪಟ್ಟೆ ಮೂಡಿದ ಕಾಯಿ ಹುಳಿಗೆ, ಮಜ್ಜಿಗೆ ಹಾಕಿ ಮಾಡುವ ಮೇಲಾರಕ್ಕೆ. ಪೂರ್ತಿ ಬಲಿತು ಹಳದಿಗೆ ತಿರುಗಿದ್ದು ಅಟ್ಟಕ್ಕೆ. ಬಳ್ಳಿಯಲ್ಲಿ ಕಾಯಿ ಹೆಚ್ಚಾಗತೊಡಗಿದೆ ಎಂದು ತಿಳಿದ ಕೂಡಲೇ ಅರ್ಧದಷ್ಟನ್ನು ಎಳತಿನಲ್ಲೇ ಕೊಯ್ದುಬಿಡಬೇಕು. ಆಗ ರಾಶಿಯೂ ಕರಗುತ್ತದೆ, ಬಳ್ಳಿಗೂ ಇನ್ನಷ್ಟು ಹೂ ಬಿಡುವ ತ್ರಾಣ ಉಳಿಯುತ್ತದೆ.

ಜುಕಿನಿಗೆ ಈ ಮಾತು ಇನ್ನೂ ಹೆಚ್ಚು ಸಲ್ಲುತ್ತದೆ. ಗೇಣುದ್ದಕ್ಕಿಂತ ಹೆಚ್ಚು ಬೆಳೆಯಲು ಅದನ್ನು ಬಿಡಬಾರದು. ಎರಡು ದಿನ ಊರಿಗೆ ಹೋಗಿ ಬರುವಷ್ಟರಲ್ಲಿ ಎಲೆಯ ಮರೆಯಲ್ಲಿ ಮೊಳದುದ್ದದ ಕಾಯಿ ಮಲಗಿರುತ್ತದೆ. ಅದರ ಸಿಪ್ಪೆ ಗಡುಸು, ಬೀಜ ಬಲಿತದ್ದು, ತಿರುಳು ಬೆಂಡು. ಅಂಥದ್ದನ್ನು ಎಳೆಯದರಂತೆ ಪಲ್ಯ ಮಾಡಲು ಹೋಗದೆ, ಸಿಪ್ಪೆ ಬೀಜ ತೆಗೆದು ಕುಂಬಳಕಾಯಿಯ ಹಾಗೆ ಬಳಸುವುದು ಸರಿ. ಎಳೆ ಜುಕಿನಿಯ ಸಿಪ್ಪೆ ಕಾಗದದಷ್ಟು ತೆಳು, ಬೇಯಲು ಐದು ನಿಮಿಷ ಸಾಕು. ಆದ್ದರಿಂದ ಅದನ್ನು ಬೇಳೆಯ ಜೊತೆ ಕುಕ್ಕರಿನಲ್ಲಿ ಹಾಕಿ ಕೂಗಿಸಿದವರಿಗೆ ಹೋಳು ಸಿಗುವುದಿಲ್ಲ. ಹುಳಿ ಕುದಿ ಬಂದ ಮೇಲೆ ಕೊನೆಯಲ್ಲಿ ದೊಡ್ಡ ಹೋಳು ಮಾಡಿ ಹಾಕಿ ಇಳಿಸಬೇಕು. ಸಾಂಬಾರು ಸೌತೆಯದು ಬೇರೆ ಗುಣ: ಹುಳಿಗೆ ಅದನ್ನು ಸಿಪ್ಪೆ ಸಹಿತವಾಗಿಯೇ ಹೆಚ್ಚಬೇಕು, ಏಕೆಂದರೆ ಕುದಿಯುವಾಗ ಹೋಳು ಕರಗದಂತೆ ಹಿಡಿದಿಡುವುದು ಆ ಸಿಪ್ಪೆಯೇ.

ರಾಶಿ ಕರಗಿಸಲು ಬೆಳಗ್ಗಿನ ತಿಂಡಿಯಷ್ಟು ಒಳ್ಳೆಯ ದಾರಿ ಇನ್ನೊಂದಿಲ್ಲ ಎಂಬುದು ನನ್ನ ದೃಢವಾದ ಅಭಿಪ್ರಾಯ. ಊಟಕ್ಕೆ ಒಂದು ಹೊತ್ತಿಗೆ ಒಂದು ಸೌತೆ ಮುಗಿದರೆ ಹೆಚ್ಚು. ದೋಸೆಗೆ ಎರಡು ಕಾಯಿ ಸದ್ದಿಲ್ಲದೆ ಮುಗಿಯುತ್ತವೆ, ತರಕಾರಿ ಎಂದರೆ ಮೂಗು ಮುರಿಯುವ ಮಕ್ಕಳೂ ತಿನ್ನುತ್ತಾರೆ. ಎರಡು ಲೋಟ ಬೆಳ್ತಿಗೆ (ಬಿಳಿ) ಅಕ್ಕಿಯನ್ನು ನಾಲ್ಕು ಗಂಟೆ ನೆನೆಸಿಡಿ. ಸಿಪ್ಪೆ ತೆಗೆದು ಹೆಚ್ಚಿದ ಸೌತೆಯ ಹೋಳು ಎರಡು ಲೋಟದಷ್ಟಿರಲಿ. ಮೊದಲು ಹೋಳನ್ನು ಮಾತ್ರ ಗ್ರೈಂಡರಿಗೆ ಅಥವಾ ಮಿಕ್ಸಿಗೆ ಹಾಕಿ ತಿರುಗಿಸಿ. ಅದು ಬಿಟ್ಟ ನೀರಿನಲ್ಲಿಯೇ ಅಕ್ಕಿಯನ್ನೂ ಅರ್ಧ ಲೋಟ ಕಾಯಿತುರಿಯನ್ನೂ ಹಾಕಿ ನುಣ್ಣಗೆ ಅರೆಯಿರಿ. ಬೇರೆ ನೀರು ಬೇಡ. ಹಿಟ್ಟು ನೀರುದೋಸೆಗಿಂತ ತುಸು ಮಂದ ಇರಬೇಕು. ಹುಳಿ ಬರಿಸುವ ಕೆಲಸವಿಲ್ಲ, ಉಪ್ಪು ಹಾಕಿ ಕೂಡಲೇ ಎರೆಯಬಹುದು. ಕಾವಲಿ ಚೆನ್ನಾಗಿ ಕಾದಿರಬೇಕು. ಕಾದಿಲ್ಲದಿದ್ದರೆ ಈ ದೋಸೆ ಏಳುವುದೇ ಇಲ್ಲ. ತೆಳ್ಳಗೆ ಎರೆದು, ಮುಚ್ಚಳ ಮುಚ್ಚಿ, ಅಂಚು ಬಿಟ್ಟ ಕೂಡಲೇ ತೆಗೆದು ಕಾಯಿಬೆಲ್ಲದ ಜೊತೆ ಬಡಿಸಿದರೆ ಮೃದುವಾಗಿ, ಸೌತೆಯದೇ ತಂಪು ಪರಿಮಳದಲ್ಲಿ ಇರುತ್ತದೆ. ಜುಕಿನಿಯಲ್ಲೂ ಇದು ಹಾಗೆಯೇ ಆಗುತ್ತದೆ, ಬಣ್ಣ ಮಾತ್ರ ತುಸು ಹಸಿರು.

ಇನ್ನೊಂದು ದೋಸೆ ನಮ್ಮ ಉಡುಪಿ ಕಡೆಯ ಹೀರೆಕಾಯಿ ದೋಸೆ. ನೆನೆಸಿದ ಅಕ್ಕಿಯ ಜೊತೆ ಒಣಮೆಣಸು, ಕೊತ್ತಂಬರಿ, ಜೀರಿಗೆ, ಕಾಯಿತುರಿ, ಸ್ವಲ್ಪ ಹುಳಿ, ಒಂದು ತುಂಡು ಬೆಲ್ಲ ಸೇರಿಸಿ ಗಟ್ಟಿಯಾಗಿ ಅರೆದ ಹಿಟ್ಟಿನಲ್ಲಿ ಹೀರೆಕಾಯಿಯ ತೆಳ್ಳನೆಯ ಬಿಲ್ಲೆಗಳನ್ನು ಅದ್ದಿ, ಒಂದರ ಅಂಚು ಇನ್ನೊಂದಕ್ಕೆ ತಾಗುವಂತೆ ಕಾವಲಿಯ ಮೇಲೆ ಜೋಡಿಸಿ, ಸುತ್ತಲೂ ತೆಂಗಿನೆಣ್ಣೆ ಬಿಟ್ಟು ಮುಚ್ಚಿ ಬೇಯಿಸುವುದು. ಬಿಲ್ಲೆಗಳೆಲ್ಲ ಕೂಡಿಕೊಂಡು ಒಂದೇ ದೋಸೆಯಾಗಿ ಏಳುತ್ತದೆ. ಮಗುಚಿ ಹಾಕಿ ಕೆಂಪಗೆ ಕಾಯಿಸಿದಾಗ ಬರುವ ಹುಳಿ-ಖಾರದ ಪರಿಮಳಕ್ಕೆ ಪಕ್ಕದ ಮನೆಯವರೂ ಕೇಳಿಕೊಂಡು ಬರುತ್ತಾರೆ. ಜುಕಿನಿ ಬೆಳೆದವರಿಗೆ ನಾನು ಮೊದಲು ಹೇಳುವುದೇ ಈ ದೋಸೆಯನ್ನು. ಆ ಕಾಯಿಯ ದುಂಡು, ಅದರ ತೆಳು ಸಿಪ್ಪೆ, ಬೇಗ ಬೇಯುವ ಗುಣ ಮೂರೂ ಇದಕ್ಕೆ ಹೇಳಿ ಮಾಡಿಸಿದಂತಿವೆ. ಪಾಸ್ತಾ, ಸೂಪು ಎಂದು ಬೇರೆಯವರ ಪಾಕವಿಧಾನ ಹುಡುಕುತ್ತಾ ಕೂರುವ ಬದಲು ನಮ್ಮ ಹೀರೆ ಹೋಗುವ ಜಾಗಕ್ಕೆಲ್ಲ ಜುಕಿನಿಯನ್ನು ಕಳುಹಿಸಿದರೆ ಅದು ಈ ನೆಲದ್ದೇ ಆಗಿಬಿಡುತ್ತದೆ. ಕಡಲೆಹಿಟ್ಟಿನಲ್ಲಿ ಅದ್ದಿ ಕರಿದ ಜುಕಿನಿ ಪೋಡಿಯೂ ಸಂಜೆಯ ಚಹಾಕ್ಕೆ ಒಳ್ಳೆಯದೇ. ಬಿಲ್ಲೆಗೆ ಉಪ್ಪು ಸವರಿ ಹತ್ತು ನಿಮಿಷ ಬಿಟ್ಟು, ಒತ್ತಿ ನೀರು ತೆಗೆದರೆ ಎಣ್ಣೆ ಕಡಿಮೆ ಹೀರುತ್ತದೆ. ಹಾಗೆ ತೆಗೆದ ನೀರನ್ನು ಚೆಲ್ಲದೆ ಹಿಟ್ಟು ಕಲಸಲು ಬಳಸಿಕೊಳ್ಳಿ, ಉಪ್ಪಿನ ಅಂದಾಜು ಮಾತ್ರ ಇರಲಿ. ಜುಕಿನಿಯ ಗಂಡು ಹೂಗಳನ್ನು ಚೀನಿಕಾಯಿಯ (ಸಿಹಿಗುಂಬಳದ) ಹೂವಿನಂತೆಯೇ ಪೋಡಿ ಮಾಡಬಹುದು. ಕಾಯಿ ಕಡಿಮೆಯಾಗಲಿ ಎನ್ನುವವರು ಹೆಣ್ಣು ಹೂವನ್ನೂ ಕೊಯ್ಯಬಹುದು.

ಮಧ್ಯಾಹ್ನದ ಊಟಕ್ಕೆ ಬಂದರೆ, ಕಾಯಿ ಅರೆದು ಹಾಕುವ ಹುಳಿಯನ್ನು ಎಲ್ಲರೂ ಬಲ್ಲರು. ತೆಂಗಿನಕಾಯಿ ದುಬಾರಿಯಾಗಿರುವ ಹೊತ್ತಿನಲ್ಲಿ ನೆನಪಿಸಬೇಕಾದದ್ದು ಬೋಳುಹುಳಿಯನ್ನು. ಸಿಪ್ಪೆ ಸಹಿತ ದೊಡ್ಡ ಹೋಳು ಮಾಡಿದ ಸೌತೆಯನ್ನು ಸೀಳಿದ ಹಸಿಮೆಣಸು, ಉಪ್ಪು, ಹುಳಿ, ಚೂರು ಬೆಲ್ಲದ ಜೊತೆ ಬೇಯಿಸಿ, ಜಜ್ಜಿದ ಬೆಳ್ಳುಳ್ಳಿಯನ್ನು ತೆಂಗಿನೆಣ್ಣೆಯಲ್ಲಿ ಕೆಂಪಗೆ ಹುರಿದು ಒಗ್ಗರಣೆ ಕೊಟ್ಟರೆ ಮುಗಿಯಿತು. ಬೇಳೆಯೂ ಬೇಡ, ಕಾಯಿಯೂ ಬೇಡ. ಮರುದಿನ ಕುದಿಸಿ ಉಂಡರೆ ಮೊದಲ ದಿನಕ್ಕಿಂತ ರುಚಿ. ಸೆಕೆಯ ದಿನಗಳಿಗೆ ಹಸಿ ಸಾಸಿವೆ: ಸಣ್ಣಗೆ ಹೆಚ್ಚಿದ ಎಳೆ ಸೌತೆಗೆ ಉಪ್ಪು ಬೆರೆಸಿ, ಕಾಯಿತುರಿ-ಹಸಿಮೆಣಸು ಅರೆಯುತ್ತಾ ಕೊನೆಯ ಸುತ್ತಿನಲ್ಲಿ ಮಾತ್ರ ಸಾಸಿವೆ ಹಾಕಿ ತೆಗೆದು, ಮೊಸರಿನಲ್ಲಿ ಕಲಸಬೇಕು. ಸಾಸಿವೆಯನ್ನು ಮೊದಲಿನಿಂದಲೇ ಅರೆದರೆ ಕಹಿಯಾಗುತ್ತದೆ. ಮೀನು ತಿನ್ನುವ ಮನೆಗಳಲ್ಲಿ ಸೌತೆಯನ್ನು ಸಿಗಡಿಯೊಂದಿಗೆ, ಸಿಗಡಿ ಸಿಗದಾಗ ಒಣ ಸಿಗಡಿಯೊಂದಿಗೆ ಬೇಯಿಸುವ ಕ್ರಮ ಮಂಗಳೂರಿನುದ್ದಕ್ಕೂ ಇದೆ. ಸೌತೆಯ ಸಪ್ಪೆ ಹೋಳು ಸಿಗಡಿಯ ರುಚಿಯನ್ನೆಲ್ಲ ಹೀರಿಕೊಳ್ಳುವ ಬಗೆಯನ್ನು ಆ ಅಡುಗೆ ಬಲ್ಲವರೇ ನನಗಿಂತ ಚೆನ್ನಾಗಿ ವಿವರಿಸಿಯಾರು.

ಇನ್ನು ಹೆಚ್ಚಿದ ಮೇಲೆ ಉಳಿಯುವ ಸಿಪ್ಪೆ, ತಿರುಳು, ಬೀಜ. ಕಾಯಿಯ ತೂಕದಲ್ಲಿ ದೊಡ್ಡ ಪಾಲೇ ಇದು, ಮತ್ತು ಈಗಿನ ಅಡುಗೆಮನೆಗಳಲ್ಲಿ ನೇರವಾಗಿ ಹಸಿಕಸದ ಡಬ್ಬಿಗೆ ಹೋಗುವುದೂ ಇದೇ. ಬಲಿತ ಸೌತೆಯನ್ನು ಸೀಳಿದಾಗ ಬೀಜದ ಸುತ್ತ ಲೋಳೆಯಂತೆ ಕೂತಿರುವ ಆ ತಿರುಳಿಗೆ ನಸುಹುಳಿ ರುಚಿಯಿದೆ. ಅದನ್ನು ಬೀಜಸಹಿತ ಕೈಯಿಂದ ಬಳಿದು ತೆಗೆದು, ಸ್ವಲ್ಪ ನೀರು ಹಾಕಿ ಮಿಕ್ಸಿಯಲ್ಲಿ ತಿರುಗಿಸಿ ಸೋಸಿದರೆ ಹಾಲಿನಂಥ ರಸ ಬರುತ್ತದೆ. ಅದಕ್ಕೆ ಹಸಿಮೆಣಸು, ಉಪ್ಪು, ಬೆಲ್ಲ ಹಾಕಿ ಕುದಿಸಿ, ತುಪ್ಪದಲ್ಲಿ ಜೀರಿಗೆ ಒಗ್ಗರಣೆ ಕೊಟ್ಟರೆ ಸಾರು. ಅದೇ ತಿರುಳನ್ನು ಜೀರಿಗೆ, ಕಾಳುಮೆಣಸಿನ ಜೊತೆ ತುಪ್ಪದಲ್ಲಿ ಬಾಡಿಸಿ, ಕಾಯಿತುರಿಯೊಂದಿಗೆ ಅರೆದು ಮಜ್ಜಿಗೆ ಸೇರಿಸಿದರೆ ತಂಬುಳಿ. ಸಿಪ್ಪೆಯನ್ನು ತೆಂಗಿನೆಣ್ಣೆಯಲ್ಲಿ ನೀರಿನ ಅಂಶ ಆರುವವರೆಗೆ ಹುರಿದು, ಉದ್ದಿನಬೇಳೆ, ಒಣಮೆಣಸು, ಹುಳಿ, ಕಾಯಿಯ ಜೊತೆ ತರಿತರಿಯಾಗಿ ಅರೆದ ಚಟ್ನಿ ಕುಚ್ಚಲಕ್ಕಿ ಗಂಜಿಗೆ ಹಿತ. ಹೀರೆಯ ಏಣುಗಳನ್ನು ಹೆರೆದು ಚಟ್ನಿ ಮಾಡುವವರಿಗೆ ಇದು ಹೊಸದೇನಲ್ಲ. ಪೇಟೆಯಿಂದ ತಂದ ಕಾಯಿಯ ಸಿಪ್ಪೆಯನ್ನು ತಿನ್ನಲು ಅಳುಕುವವರು ಇರಬಹುದು, ಆ ಅಳುಕಿಗೆ ಕಾರಣವೂ ಇದೆ. ಆದರೆ ವಿಷ ಹೊಡೆಯದೆ ಅಂಗಳದಲ್ಲಿ ಬೆಳೆದ ಕಾಯಿಯ ದೊಡ್ಡ ಲಾಭವೇ ಸಿಪ್ಪೆಯನ್ನು ನಿಶ್ಚಿಂತೆಯಿಂದ ತಿನ್ನಬಹುದೆಂಬುದು. ಅದನ್ನು ಎಸೆದರೆ ಕೈತೋಟ ಮಾಡಿದ ಅರ್ಧ ಪ್ರಯೋಜನ ಹೋಯಿತು.

ಸಿಹಿಯ ಬಗ್ಗೆ ಎರಡೇ ಮಾತು. ತುರಿದ ಸೌತೆಗೆ ಅಕ್ಕಿತರಿ, ಬೆಲ್ಲ, ಕಾಯಿತುರಿ, ಏಲಕ್ಕಿ ಕಲಸಿ, ಬಾಡಿಸಿದ ಬಾಳೆಲೆಯಲ್ಲಿ ಮಡಚಿ, ಮುಕ್ಕಾಲು ಗಂಟೆ ಹಬೆಯಲ್ಲಿ ಬೇಯಿಸಿದ ಕೊಟ್ಟಿಗೆ ಎಂಬ ಕಡುಬನ್ನು ತುಪ್ಪ ಹಾಕಿಕೊಂಡು ತಿನ್ನಬೇಕು. ಮಿತಿಮೀರಿ ಬೆಳೆದ ಜುಕಿನಿಯನ್ನು ತುರಿದು ಹಿಂಡಿ, ಕುಂಬಳಕಾಯಿಯ ಕಾಶಿ ಹಲ್ವದ ಕ್ರಮದಲ್ಲೇ ತುಪ್ಪ-ಸಕ್ಕರೆಯಲ್ಲಿ ಕಾಯಿಸಿದರೆ ಗುರುತು ಹಿಡಿಯುವವರು ಕಡಿಮೆ.

ಇಷ್ಟೆಲ್ಲ ಹೇಳಿದ ಮೇಲೆ ಒಂದು ಎಚ್ಚರಿಕೆಯನ್ನು ಒತ್ತಿ ಹೇಳಲೇಬೇಕು. ಯಾವುದೇ ಸೌತೆ, ಜುಕಿನಿ, ಹೀರೆ, ಸೋರೆಯನ್ನು ಬೇಯಿಸುವ ಮೊದಲು ಹಸಿ ಚೂರೊಂದನ್ನು ನಾಲಿಗೆಯ ತುದಿಗೆ ಮುಟ್ಟಿಸಿ ನೋಡಿ. ಕಹಿಯಿದ್ದರೆ ಉಗಿದು, ಆ ಕಾಯಿಯನ್ನು ಪೂರ್ತಿಯಾಗಿ ಬಿಟ್ಟುಬಿಡಿ. ಈ ಕುಟುಂಬದ ಕಾಯಿಗಳಲ್ಲಿ ಕುಕುರ್ಬಿಟಾಸಿನ್ ಎಂಬ ಕಹಿ ಅಂಶ ಕೆಲವೊಮ್ಮೆ ಏರುತ್ತದೆ. ನೀರಿನ ಕೊರತೆ, ವಿಪರೀತ ಬಿಸಿಲು ಅದಕ್ಕೆ ಒಂದು ಕಾರಣವಾದರೆ, ಅಲಂಕಾರಕ್ಕೆ ಬೆಳೆಸಿದ ಅಥವಾ ಕಾಡು ಜಾತಿಯ ಬಳ್ಳಿಯೊಡನೆ ಪರಾಗ ಬೆರೆತ ಕಾಯಿಯಿಂದ ಬೀಜ ಎತ್ತಿಟ್ಟು ಮತ್ತೆ ಹಾಕುವುದು ಇನ್ನೊಂದು ಕಾರಣ. ಬೇಯಿಸಿದರೆ ಈ ಕಹಿ ಹೋಗುವುದಿಲ್ಲ. ತೊಟ್ಟಿನ ತುದಿ ಕತ್ತರಿಸಿ ಉಜ್ಜಿ ನೊರೆ ತೆಗೆಯುವ ರೂಢಿ ನಮ್ಮಲ್ಲಿದೆ. ಅದರಿಂದ ಇಡೀ ಕಾಯಿಯ ಕಹಿ ಹೋದೀತೆಂದು ನಂಬಿ ಕೂರಬಾರದು. 2015ರಲ್ಲಿ ಜರ್ಮನಿಯಲ್ಲಿ ಮನೆಯಂಗಳದಲ್ಲಿ ಬೆಳೆದ ಕಹಿ ಜುಕಿನಿಯ ಅಡುಗೆ ಉಂಡ ವೃದ್ಧರೊಬ್ಬರು ತೀರಿಕೊಂಡದ್ದು ಜಗತ್ತಿನಾದ್ಯಂತ ಸುದ್ದಿಯಾಗಿತ್ತು. ನಮ್ಮ ದೇಶದಲ್ಲಿಯೇ ಕಹಿ ಸೋರೆಕಾಯಿಯ ರಸ ಕುಡಿದು ಸಾವು ಸಂಭವಿಸಿದ ಮೇಲೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ತಜ್ಞರ ಸಮಿತಿ ಅದನ್ನು ಪರಿಶೀಲಿಸಿ, ಕಹಿಯಾದ ರಸವನ್ನು ಕುಡಿಯಲೇಬಾರದೆಂದು ತಿಳಿಸಿದೆ. ಹಾಗಲದ ಕಹಿಯ ಮಾತು ಬೇರೆ, ಅದರ ಬಗ್ಗೆ ಈ ಭಯ ಬೇಡ. ಉಳಿದವುಗಳಲ್ಲಿ ಕಹಿ ಕಂಡಾಗ ‘ಬೆಳೆದದ್ದು ಹಾಳಾಗುತ್ತದಲ್ಲ’ ಎಂಬ ಮರುಕ ಸಲ್ಲದು, ಅಂಥ ಬಳ್ಳಿಯಿಂದ ಬೀಜವನ್ನೂ ಇಡಬಾರದು.

ತಿಂದು, ಹಂಚಿ ಉಳಿದದ್ದನ್ನು ಇಡುವ ಕ್ರಮಕ್ಕೆ ಬರುತ್ತೇನೆ. ಸಾಂಬಾರು ಸೌತೆಗೆ ಇರುವಷ್ಟು ಬಾಳಿಕೆ ಈ ಬಳಗದಲ್ಲಿ ಕುಂಬಳ, ಚೀನಿಕಾಯಿ ಬಿಟ್ಟರೆ ಬೇರೆ ಯಾವುದಕ್ಕೂ ಇಲ್ಲ. ಪೂರ್ತಿ ಬಲಿತ, ತೊಟ್ಟು ಉಳಿದ, ಪೆಟ್ಟು ಬೀಳದ ಕಾಯಿಯನ್ನು ಆರಿಸಿ, ತೊಳೆಯದೆ, ಒಣಬಟ್ಟೆಯಲ್ಲಿ ಮಣ್ಣು ಒರೆಸಿ, ಬಾಳೆನಾರಿನಲ್ಲಿ ಒಂದೊಂದಾಗಿ ಹೆಣೆದು, ಒಂದಕ್ಕೊಂದು ತಾಗದಂತೆ ಅಡುಗೆಮನೆಯ ಜಂತಿಗೆ ತೂಗುಹಾಕುವುದು ನಮ್ಮ ಹಿರಿಯರ ಕ್ರಮ. ಹೊಗೆಯೂ ಗಾಳಿಯೂ ಆಡುವಲ್ಲಿ ಅದು ತಿಂಗಳುಗಟ್ಟಲೆ ಕೆಡದೆ ನಿಂತು, ಪೇಟೆಗೆ ತರಕಾರಿ ಬಾರದ ಆಟಿ ತಿಂಗಳ (ಜುಲೈ-ಆಗಸ್ಟ್) ಮಳೆಯಲ್ಲಿ ಹುಳಿಗೆ ಇಳಿಯುತ್ತಿತ್ತು. ಈಗಿನ ಮನೆಗಳಿಗೆ ಜಂತಿಯಿಲ್ಲ, ಒಲೆಯ ಹೊಗೆಯೂ ಇಲ್ಲ. ಆದರೂ ಗಾಳಿಯಾಡುವ ಕೋಣೆಯಲ್ಲಿ ಒಂದು ಬಿದಿರನ್ನೋ ಕಬ್ಬಿಣದ ಸರಳನ್ನೋ ಅಡ್ಡ ಹಾಕಿ ಕಟ್ಟಿದರೆ ಮಳೆ ಹಿಡಿಯುವವರೆಗಂತೂ ಧಾರಾಳವಾಗಿ ಉಳಿಯುತ್ತದೆ. ವಾರಕ್ಕೊಮ್ಮೆ ಪ್ರತಿಯೊಂದನ್ನೂ ಮುಟ್ಟಿ ನೋಡಿ, ಮೆತ್ತಗಾದದ್ದನ್ನು ಅಂದೇ ಇಳಿಸಬೇಕು. ಒಂದು ಕೊಳೆತು ಸೋರಿದರೆ ಕೆಳಗಿನದೂ ಹೋಯಿತು. ಜುಕಿನಿಯನ್ನು ಹೀಗೆ ಕಟ್ಟಲು ಹೋಗಬೇಡಿ, ಅದರ ಸಿಪ್ಪೆಗೆ ಆ ತಾಳಿಕೆಯಿಲ್ಲ. ಫ್ರಿಜ್ಜಿನಲ್ಲಿ ಒಂದು ವಾರ, ಅದೂ ತೊಳೆಯದೆ ಇಟ್ಟರೆ. ಬೀಜದ ಸೌತೆಯನ್ನು ಬಳ್ಳಿಯಲ್ಲೇ ಹಣ್ಣಾಗಲು ಬಿಟ್ಟು, ಬೀಜವನ್ನು ಬೂದಿಯಲ್ಲಿ ಕಲಸಿ ಒಣಗಿಸಿ ಇಡುವುದು ಗೊತ್ತಿದ್ದವರು ಇನ್ನೂ ಊರಿಗೊಬ್ಬಿಬ್ಬರಾದರೂ ಇದ್ದಾರೆ, ಅವರನ್ನು ಕೇಳಿ ಕಲಿಯಬೇಕು.

ಕೊಡುವುದಕ್ಕೂ ನಮ್ಮಲ್ಲಿ ಒಂದು ದಾರಿ ಹಿಂದಿನಿಂದಲೇ ಇದೆ. ಎರಡು ವರ್ಷಕ್ಕೊಮ್ಮೆ ಜನವರಿ 18ರಂದು ಉಡುಪಿಯಲ್ಲಿ ಪರ್ಯಾಯ ನಡೆಯುವಾಗ ಊರೂರುಗಳಿಂದ ಬರುವ ಹೊರೆಕಾಣಿಕೆಯಲ್ಲಿ ಅಕ್ಕಿ, ತೆಂಗಿನಕಾಯಿಗಳ ಜೊತೆ ಸೌತೆ, ಕುಂಬಳ, ಚೀನಿಕಾಯಿಗಳು ಗಾಡಿಗಟ್ಟಲೆ ಇರುವುದನ್ನು ನಾವೆಲ್ಲ ನೋಡಿದ್ದೇವೆ. ಬೇಸಿಗೆಯುದ್ದಕ್ಕೂ ಒಂದಲ್ಲ ಒಂದು ಊರಿನಲ್ಲಿ ಬ್ರಹ್ಮಕಲಶೋತ್ಸವ, ಜಾತ್ರೆ, ನೇಮ ಇದ್ದೇ ಇರುತ್ತದೆ. ಸಾವಿರಾರು ಜನರಿಗೆ ಬಡಿಸುವ ಆ ಅಡುಗೆಗೆ ನಾಲ್ಕು ಮನೆಯ ಸೌತೆ ಸೇರಿದರೂ ಹೆಚ್ಚಾಗದು. ಕೇರಿಯವರು ಕೂಡಿ, ಅಡುಗೆಯವರಲ್ಲಿ ಎರಡು ದಿನ ಮೊದಲೇ ಕೇಳಿಕೊಂಡು, ಒಂದೇ ಬಾರಿಗೆ ಒಟ್ಟು ಮಾಡಿ ಒಯ್ಯಬೇಕು. ಕೇಳದೆ ತಂದು ಸುರಿದರೆ ಅವರಿಗೂ ಉಪದ್ರವ. ಊರಿನ ಶಾಲೆಯ ಮಧ್ಯಾಹ್ನದ ಬಿಸಿಯೂಟಕ್ಕೂ ಹೀಗೆಯೇ ಕೊಡಬಹುದು. ಸೌತೆ ಹೇರಳವಾಗುವ ಫೆಬ್ರವರಿ, ಮಾರ್ಚ್ ತಿಂಗಳುಗಳಲ್ಲಿ ಶಾಲೆಗಳು ನಡೆಯುತ್ತಿರುತ್ತವೆ, ಮಳೆಗಾಲದ ಹೀರೆ, ಬೆಂಡೆ, ಮುಳ್ಳುಸೌತೆ ಬರುವಾಗಲೂ ತೆರೆದಿರುತ್ತವೆ. ಸೆಪ್ಟೆಂಬರ್ 8ರ ಮೊಂತಿ ಹಬ್ಬಕ್ಕೆ ಕ್ರೈಸ್ತ ಬಂಧುಗಳ ಮನೆಗಳಲ್ಲಿ ಬೆಸಸಂಖ್ಯೆಯ ತರಕಾರಿ ಪದಾರ್ಥಗಳ ಊಟವಾಗುವುದರಿಂದ ಆ ವಾರ ಅಂಗಳದಲ್ಲಿ ಬೆಳೆದ ಯಾವ ಕಾಯಿಗೂ ಬೇಡಿಕೆಯ ಕೊರತೆಯಿಲ್ಲ. ನೆರೆಯವರಲ್ಲಿ ಒಂದು ಮಾತು ಕೇಳಿದರೆ ಸಾಕು.

ತಮ್ಮಲ್ಲಿ ನನ್ನ ವಿನಂತಿ ಇಷ್ಟು. ಕೃಷಿ ಪುಟದಲ್ಲಿ ಯಾವ ತರಕಾರಿಯನ್ನು ಬೆಳೆಯುವ ಕ್ರಮ ಪ್ರಕಟವಾಗುತ್ತದೆಯೋ, ಆ ತರಕಾರಿ ಕೊಯ್ಲಿಗೆ ಬರುವ ತಿಂಗಳಲ್ಲಿ ಅದರ ಎಳತು, ಬಲಿತದ್ದು, ಸಿಪ್ಪೆ, ತಿರುಳು ಎಲ್ಲದರ ಅಡುಗೆಗೂ ಕಾಲು ಪುಟ ಮೀಸಲಿಡಬೇಕು. ಹೋಟೆಲಿನ ಬಾಣಸಿಗರಿಂದ ಬರೆಸುವುದು ಬೇಡ. ಶಿವಳ್ಳಿ, ಹವ್ಯಕ, ಬಂಟ, ಬಿಲ್ಲವ, ಮೊಗವೀರ, ಕೊಂಕಣಿ, ಬ್ಯಾರಿ, ಕ್ರೈಸ್ತ ಮನೆಗಳಲ್ಲಿ ನಿತ್ಯ ಒಲೆಯ ಮುಂದೆ ನಿಲ್ಲುವವರಿಂದ, ಅಳತೆ ಸಹಿತವಾಗಿ ಬರೆಸಬೇಕು. ‘ರುಚಿಗೆ ತಕ್ಕಷ್ಟು’ ಎಂದು ಬಿಟ್ಟುಬಿಟ್ಟರೆ ಈಗ ಹೊಸದಾಗಿ ಒಲೆ ಹಚ್ಚುವ ಮಕ್ಕಳಿಗೆ ಅದರಿಂದ ಉಪಯೋಗವಿಲ್ಲ. ಬ್ರಹ್ಮಾವರದ ಕೃಷಿ ವಿಜ್ಞಾನ ಕೇಂದ್ರದಂಥ ಸಂಸ್ಥೆಗಳು ಕೈತೋಟದ ತರಬೇತಿ ಕೊಡುವಾಗ ಕೊನೆಯ ಒಂದು ಗಂಟೆಯನ್ನು ಇದಕ್ಕೆ ಇಟ್ಟರೆ ಇನ್ನೂ ಒಳ್ಳೆಯದು. ಮೇ ಕೊನೆಯ ವಾರದಲ್ಲಿ ಬರುವ ಪತ್ತನಾಜೆ ಹತ್ತಿರವಾಗುತ್ತಿದೆ, ಮಳೆಗಾಲದ ಹೀರೆ, ಪಡುವಲ, ಮುಳ್ಳುಸೌತೆಯ ಬೀಜ ಮಣ್ಣಿಗೆ ಬೀಳುವ ಹೊತ್ತು ಅದು. ಆ ಬಳ್ಳಿಗಳು ಕಾಯಿ ಬಿಡುವ ಮೊದಲೇ, ಅಂದರೆ ಜುಲೈ ತಿಂಗಳಿನಿಂದಲೇ ಈ ಅಂಕಣ ಆರಂಭವಾಗಲಿ. ಮೊದಲ ಕಂತಿಗೆ ಹೀರೆಯ ಏಣಿನ ಚಟ್ನಿ ಮತ್ತು ದೋಸೆಯನ್ನು ಅಳತೆ ಸಹಿತ ಬರೆದು ಕಳುಹಿಸಲು ನಾನು ಸಿದ್ಧಳಿದ್ದೇನೆ.

ಇತಿ,
ತಮ್ಮ ಓದುಗರಲ್ಲೊಬ್ಬಳು, ಓರ್ವ ಗೃಹಿಣಿ
ಬ್ರಹ್ಮಾವರ, ಉಡುಪಿ ಜಿಲ್ಲೆ